ಏನೂ ಹೇಳದಿದ್ದಾಗ

ಅವರ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಹುಬ್ಬು ಇರಬೇಕಾದ ಕಡೆ ಚರ್ಮ ನುಣ್ಣಗೆ, ತುಸು ಕೆಂಪಾಗಿ, ಅಂಚಿನಲ್ಲಿ ಒಂದಿಷ್ಟು ಮುದುಡಿಕೊಂಡಿತ್ತು. ಪೆನ್ಸಿಲ್ಲಿನಲ್ಲಿ ಒಂದು ಗೆರೆ ತೀಡಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ತೀಡಿಕೊಳ್ಳುತ್ತಿರಲಿಲ್ಲ. ಹೊಸದಾಗಿ ಬಂದವರ ಕಣ್ಣು ಮಾತಿನ ನಡುವೆ ಅಲ್ಲಿಗೆ ಹೋಗಿ, ಕದ್ದು ಸಿಕ್ಕಿಬಿದ್ದಂತೆ ವಾಪಸ್ ಬರುತ್ತಿತ್ತು. ಆಗ ಅವರು, "ನೋಡು ಪರವಾಗಿಲ್ಲ, ಎಲ್ರೂ ನೋಡ್ತಾರೆ" ಎಂದು ಮಾತು ಮುಂದುವರಿಸುತ್ತಿದ್ದರು.

ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ಆಫೀಸಿನಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು, ಕಂಪನಿಯ ಯಜಮಾನರೊಬ್ಬರನ್ನು ಬಿಟ್ಟು. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ನೂಲಿನ ಗೋದಾಮಿನ ಮೇಲಂತಸ್ತು ನಮ್ಮ ಆಫೀಸು. ಹನ್ನೆರಡು ಜನ ಇದ್ದೆವು. ಬಟ್ಟೆಗೆ ಬಣ್ಣ ಹಾಕುವ, ಸಿದ್ಧ ಉಡುಪು ತೊಳೆಯುವ ಕಾರ್ಖಾನೆಗಳಲ್ಲಿ ಉಗಿಗಾಗಿ ಬಾಯ್ಲರ್ ಇರುತ್ತದಲ್ಲ, ಅದರ ಪಕ್ಕದ ಗೋಡೆಯಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ನೀರು ಕಡಿಮೆಯಾದರೆ ಪಂಪು ಹಾಕುವುದು, ಒತ್ತಡ ಹೆಚ್ಚಾದರೆ ಬೆಂಕಿ ಆರಿಸುವುದು ಎಲ್ಲ ಆ ಪೆಟ್ಟಿಗೆಯ ಕೆಲಸ. ಅದರೊಳಗಿನ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ.

ನಾನು ಸಾಸಲಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅಕ್ಕ ಅರಿಶಿನಕುಂಟೆಯಿಂದ ಎರಡು ಬಸ್ಸು ಬದಲಾಯಿಸಿ ನನಗಿಂತ ಮೊದಲೇ ಬಂದಿರುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ಮಧ್ಯಾಹ್ನ ಸ್ಟೀಲ್ ಡಬ್ಬಿ ತೆರೆದು ಮುದ್ದೆ, ಸೊಪ್ಪಿನ ಸಾರು ಹಾಕಿಕೊಂಡು ಮಾತಿಲ್ಲದೆ ಉಣ್ಣುತ್ತಿದ್ದರು. ಸಕ್ಕರೆ ಕಾಯಿಲೆ ಇತ್ತು. ಕೆಳಗಡೆ ಟೀ ಅಂಗಡಿಯವನು ಹೇಳದಿದ್ದರೆ ಎರಡು ಚಮಚ ಸಕ್ಕರೆ ಹಾಕಿಬಿಡುತ್ತಿದ್ದ. ಒಂದು ವಾರ ಅವನ ಹಿಂದೆ ಬಿದ್ದು ಆ ಅಭ್ಯಾಸ ಬಿಡಿಸಿದರು. "ನೋಡಪ್ಪ, ಯಾರೂ ಏನೂ ಹೇಳ್ದೆ ಇದ್ರೆ ಹಾಕ್ಬೇಡ. ಬೇಕಾದವ್ರು ಕೇಳಿ ಹಾಕಿಸ್ಕೊಳ್ತಾರೆ. ಹಾಕಿದ್ಮೇಲೆ ತೆಗೆಯೋಕಾಗುತ್ತಾ?" ಅವನು ಮೊದಲು ನಕ್ಕ, ಆಮೇಲೆ ಒಂದು ಗಾಜಿನ ಡಬ್ಬಿಯಲ್ಲಿ ಸಕ್ಕರೆ ಹಾಕಿ ಮುಂದೆ ಇಟ್ಟ. ಇದನ್ನೆಲ್ಲ ನೋಡಿ ನನಗೆ ಅವರದು ಹಟದ ಸ್ವಭಾವ ಅನ್ನಿಸಿತ್ತು.

ಸೇರಿದ ಮೊದಲ ದಿನ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರು. ಕಂಪ್ಯೂಟರಿನಲ್ಲಿ ಒಂದು ಕಮಾಂಡಿನ, ಎಂದರೆ ಅದಕ್ಕೆ ಕೊಡುವ ಆಜ್ಞೆಯ, ಹೆಸರು ಟೈಪ್ ಮಾಡಿ, ಮುಂದೆ ಏನೂ ಬರೆಯದೆ, "ಈಗ ಎಂಟರ್ ಒತ್ತಿದ್ರೆ ಏನಾಗುತ್ತೆ?" ಎಂದರು.

"ಅದರ ಕೆಲಸ ಮಾಡುತ್ತೆ ಅಕ್ಕ."

"ಯಾವ ಕೆಲಸ? ಎಷ್ಟು? ನೀನು ಏನೂ ಹೇಳಿಲ್ವಲ್ಲ."

ಅವರು ಡ್ರಾಯರಿನಿಂದ ಒಂದು ಉದ್ದನೆಯ ರೂಲ್ಡ್ ಪುಸ್ತಕ ತೆಗೆದರು. ಪ್ರತಿ ಪುಟದಲ್ಲೂ ಎಡಗಡೆ ಒಂದು ಕಮಾಂಡು, ಬಲಗಡೆ ಏನೂ ಹೇಳದಿದ್ದಾಗ ಅದು ಏನು ಮಾಡುತ್ತದೆ ಎಂಬುದು. ಕೆಲವು ಸಾಲುಗಳ ಕೆಳಗೆ ಕೆಂಪು ಗೆರೆ. ಪುಶ್ ಎಂಬ ಕಮಾಂಡಿನ ಕೆಳಗೆ ಎರಡು ಗೆರೆ ಇದ್ದವು.

ಆ ಪುಶ್ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ನಾವು ಬರೆದದ್ದೆಲ್ಲ ಆಫೀಸಿನ ಒಂದು ಸರ್ವರಿನಲ್ಲಿ ಇರುತ್ತಿತ್ತು. ಒಂದೊಂದು ಕಾರ್ಖಾನೆಗೆ ಒಂದೊಂದು ಬ್ರಾಂಚು, ಎಂದರೆ ಆ ಕಾರ್ಖಾನೆಗೆಂದೇ ತಿದ್ದಿದ ಪ್ರತಿ. ನಮ್ಮ ನಮ್ಮ ಕಂಪ್ಯೂಟರುಗಳಲ್ಲೂ ಎಲ್ಲ ಬ್ರಾಂಚುಗಳ ನಕಲು ಇರುತ್ತಿದ್ದವು. ಯಾವುದಾದರೂ ಒಂದರ ಮೇಲೆ ಕೆಲಸ ಮಾಡಿ, ಮುಗಿದ ಮೇಲೆ ಪುಶ್ ಕೊಟ್ಟು ಸರ್ವರಿಗೆ ಕಳಿಸುತ್ತಿದ್ದೆವು. ಬರೀ ಪುಶ್ ಎಂದಷ್ಟೇ ಹೇಳಿದರೆ ಯಾವುದನ್ನು ಕಳಿಸಬೇಕು? ನಾವು ಕೆಲಸ ಮಾಡುತ್ತಿರುವ ಒಂದನ್ನೋ, ನಮ್ಮಲ್ಲಿರುವ ಅಷ್ಟನ್ನೂ ಒಟ್ಟಿಗೋ? ಆ ವ್ಯವಸ್ಥೆಯನ್ನು ಮಾಡಿದವರು ಮೊದಲು ಅಷ್ಟನ್ನೂ ಕಳಿಸುವಂತೆ ಇಟ್ಟಿದ್ದರಂತೆ. ಆಮೇಲೆ ಯೋಚಿಸಿ ಒಂದನ್ನೇ ಕಳಿಸುವಂತೆ ಬದಲಾಯಿಸಿದರು. ಆದರೆ ನಮ್ಮ ಯಜಮಾನರು ಪ್ರತಿ ಕಂಪ್ಯೂಟರಿನಲ್ಲೂ ಒಂದು ಸಾಲು ಬರೆದು ಹಳೆಯ ಪದ್ಧತಿಯನ್ನೇ ಉಳಿಸಿಕೊಂಡಿದ್ದರು. ಅವರಿಗೆ ಅದೇ ಅಭ್ಯಾಸವಾಗಿತ್ತು.

ಸಾಮಾನ್ಯವಾಗಿ ಇದರಿಂದ ತೊಂದರೆ ಇರಲಿಲ್ಲ. ನಮ್ಮ ನಕಲು ಹಳೆಯದಾಗಿದ್ದರೆ ಸರ್ವರು ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಫೋರ್ಸ್ ಎಂಬ ಇನ್ನೊಂದು ಪದ ಇತ್ತು. ಅದನ್ನು ಸೇರಿಸಿದರೆ ಸರ್ವರು ಬಾಯಿ ಮುಚ್ಚಿಕೊಂಡು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿತ್ತು. ನಮ್ಮದೇ ಬ್ರಾಂಚಿನಲ್ಲಿ ಗಲೀಜು ಮಾಡಿ ಸರಿಪಡಿಸಿಕೊಂಡಾಗ ನಾವೆಲ್ಲ ದಿನಕ್ಕೊಮ್ಮೆಯಾದರೂ ಅದನ್ನು ಬಳಸುತ್ತಿದ್ದೆವು. ಬಳಸುವಾಗ ಬ್ರಾಂಚಿನ ಹೆಸರು ಹೇಳಬೇಕೆಂದು ಅಕ್ಕ ಹೇಳಿಕೊಟ್ಟಿದ್ದರು. ಹೇಳದಿದ್ದರೆ, ನಮ್ಮಲ್ಲಿರುವ ಹಳೆಯ ನಕಲುಗಳೆಲ್ಲ ಹೋಗಿ ಸರ್ವರಿನ ಹೊಸದರ ಮೇಲೆ ಕೂರುತ್ತವೆ. ಯಾರೂ ಕೇಳುವುದಿಲ್ಲ.

ಒಂದು ದಿನ ಊಟ ಮಾಡುತ್ತಾ, ನಾನು ಕೇಳದಿದ್ದರೂ, ಹುಬ್ಬಿನ ವಿಷಯ ಹೇಳಿದರು. ಇಪ್ಪತ್ತಮೂರರ ವಯಸ್ಸಿನಲ್ಲಿ ಒಂದು ಬಣ್ಣದ ಕಾರ್ಖಾನೆಯಲ್ಲಿ ಉಗಿಯ ಕೊಳವೆ ಜೋಡಿಸುವ ಕೆಲಸಕ್ಕೆ ಹೋಗಿದ್ದರಂತೆ. ಜೊತೆಗೆ ಒಬ್ಬ ಫಿಟ್ಟರ್. ಕೆಲಸದ ನಡುವೆ ಕರೆಂಟು ಹೋಯಿತು.

"ಕರೆಂಟ್ ಹೋದಾಗ ತಾನೇ ಮುಚ್ಕೊಳೋ ವಾಲ್ವ್ ಇರುತ್ತೆ, ತಾನೇ ತೆರ್ಕೊಳೋ ವಾಲ್ವೂ ಇರುತ್ತೆ. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಣಮ್ಮ. ನಾವು ಮುಚ್ಕೊಂಡಿರುತ್ತೆ ಅಂದ್ಕೊಂಡು ಬೋಲ್ಟ್ ಬಿಚ್ಚಿದ್ವಿ. ಅದು ತೆರ್ಕೊಳೋದು. ನನಗೆ ಹುಬ್ಬು ಹೋಯ್ತು. ಆ ಫಿಟ್ಟರ್‌ಗೆ ಎರಡೂ ಕಣ್ಣು ಹೋಯ್ತು."

ನಾನು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ಕೂತಿದ್ದೆ.

"ಆ ಜಾಗಕ್ಕೆ ಆ ವಾಲ್ವೇ ಇರ್ಲಿ ಅಂತ ಎಲ್ಲೋ ಒಬ್ಬ ಮೇಜಿನ ಮುಂದೆ ಕೂತು ಬರೆದಿರ್ತಾನೆ. ಕೆಟ್ಟವನೇನಲ್ಲ. ಕರೆಂಟ್ ಹೋದಾಗ ಏನಾಗುತ್ತೆ ಅಂತ ಯೋಚ್ನೆ ಮಾಡಿಲ್ಲ, ಅಷ್ಟೆ. ಅವತ್ತು ಅವನು ಆರಾಮಾಗಿ ಊಟ ಮಾಡಿರ್ತಾನೆ. ಇವತ್ತಿಗೂ ಅವನಿಗೆ ಗೊತ್ತಿಲ್ಲ."

ಮೊದಲ ಎಚ್ಚರಿಕೆ ಸಣ್ಣದಾಗಿಯೇ ಬಂತು. ನನ್ನ ಪಕ್ಕದ ಮೇಜಿನ ಸಹೋದ್ಯೋಗಿಯ ಎರಡು ದಿನದ ಕೆಲಸ ಒಂದು ಬೆಳಿಗ್ಗೆ ಸರ್ವರಿನಿಂದ ಕಾಣೆಯಾಗಿತ್ತು. ಇನ್ನೊಬ್ಬರು ಹೆಸರು ಹೇಳದೆ ಫೋರ್ಸ್ ಕೊಟ್ಟಿದ್ದರು. ಅವನ ಕಂಪ್ಯೂಟರಿನಲ್ಲಿ ನಕಲು ಇದ್ದುದರಿಂದ ಹತ್ತು ನಿಮಿಷದಲ್ಲಿ ಸರಿಹೋಯಿತು. ಎಲ್ಲರೂ ನಕ್ಕರು, ಮಾಡಿದವರಿಂದ ಬೋಂಡ ತರಿಸಿ ತಿಂದೆವು. ಅಕ್ಕ ಬೋಂಡ ಮುಟ್ಟಲಿಲ್ಲ. ಅವತ್ತು ಮಧ್ಯಾಹ್ನವೇ ಒಂದು ಹಾಳೆಯಲ್ಲಿ ಎರಡು ಸಾಲು ಬರೆದು ಯಜಮಾನರ ಮುಂದಿಟ್ಟರು. ಏನೂ ಹೇಳದಿದ್ದಾಗ ಪುಶ್ ಕಮಾಂಡು ಕೆಲಸ ನಡೆಯುತ್ತಿರುವ ಬ್ರಾಂಚನ್ನು ಮಾತ್ರ ಕಳಿಸಬೇಕು. ಅದರಲ್ಲೂ ಅನುಮಾನವಿದ್ದರೆ ಏನನ್ನೂ ಕಳಿಸದೆ ನಿಂತು ಕೇಳಬೇಕು.

ಯಜಮಾನರು ನಮ್ಮೆಲ್ಲರನ್ನೂ ಕರೆದರು. ಅವರು ಒಳ್ಳೆಯ ಮನುಷ್ಯರೇ. ಆ ಕಂಪನಿಯನ್ನು ಒಂದು ಮೇಜಿನಿಂದ ಕಟ್ಟಿದವರು. ವಾರಕ್ಕೊಮ್ಮೆ ಶುಕ್ರವಾರ ತಮ್ಮ ಕೋಣೆಯ ಕಂಪ್ಯೂಟರಿನಿಂದ ಎಲ್ಲ ಕಾರ್ಖಾನೆಗಳ ಪ್ರೋಗ್ರಾಮುಗಳನ್ನೂ ಒಟ್ಟಿಗೆ ಸರ್ವರಿಗೆ ಕಳಿಸುತ್ತಿದ್ದರು. ಅದಕ್ಕೆಂದು ಅವರೇ ಬರೆದ, ಕಮಾಂಡುಗಳನ್ನು ಒಂದರ ಹಿಂದೆ ಒಂದು ತಾನೇ ಕೊಡುವ ಒಂದು ಸ್ಕ್ರಿಪ್ಟು ಇತ್ತು.

"ಮೇಡಂ, ಇಷ್ಟು ವರ್ಷದಿಂದ ಹಿಂಗೇ ನಡ್ಕೊಂಡ್ ಬಂದಿದೆ. ನನ್ನ ಸ್ಕ್ರಿಪ್ಟ್ ಪೂರ್ತಿ ಅದರ ಮೇಲೇ ನಿಂತಿದೆ. ಒಂದು ಸಾಲು ಬದಲಾಯ್ಸಿದ್ರೆ ಇನ್ನೇನು ಕಿತ್ಕೊಂಡ್ ಹೋಗುತ್ತೋ."

"ಕಿತ್ಕೊಂಡ್ ಹೋದ್ರೆ ಕಣ್ಣಿಗೆ ಕಾಣುತ್ತೆ ಸಾರ್. ಈಗ ಆಗ್ತಿರೋದು ಕಾಣ್ತಿಲ್ಲ."

"ಇವರನ್ನೇ ಕೇಳೋಣ. ದಿನಾ ಬಳಸೋರು ಇವ್ರು."

ಮೊದಲು ಬಾಯಿ ಬಿಟ್ಟವಳು ನಾನೇ. "ಈಗಿರೋದೇ ಸಲೀಸು ಸಾರ್. ಮೂರ್ನಾಲ್ಕು ಬ್ರಾಂಚಲ್ಲಿ ಕೆಲಸ ಮಾಡಿದಾಗ ಒಂದೇ ಸಲ ಹೋಗುತ್ತೆ. ಒಂದೊಂದಕ್ಕೂ ಹೆಸರು ಬರೀತಾ ಕೂತ್ರೆ ಕಷ್ಟ" ಎಂದೆ. ಉಳಿದವರು ತಲೆಯಾಡಿಸಿದರು.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಹಾಳೆಯನ್ನು ಮಡಿಸಿಕೊಂಡು ಎದ್ದರು. "ಆಯ್ತು. ಆದ್ರೆ ಒಂದು ಮಾತು. ಏನಾದ್ರೂ ಆದ ದಿನ ಒತ್ತಿದವ್ರ ಬೆರಳು ಹುಡುಕ್ಬೇಡಿ" ಎಂದು ಹೇಳಿ ಹೋದರು. ಅವತ್ತಿನಿಂದ ಅವರು ಪ್ರತಿದಿನ ಊಟವಾದ ಮೇಲೆ ಸರ್ವರಿಗೆ ಏನೇನು ಬಂದಿದೆ ಎಂಬ ಪಟ್ಟಿ ತೆಗೆದು ಸಾಲು ಸಾಲಾಗಿ ಓದತೊಡಗಿದರು. ಯಾರೂ ಹೇಳಿದ ಕೆಲಸವಲ್ಲ ಅದು. ಮೂರು ತಿಂಗಳು ಓದಿದರು.

ಅದು ಬುಧವಾರ. ನನ್ನ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ಇತ್ತು, ಎರಡು ಗಂಟೆಗೆ ಹೊರಡಲು ಕೇಳಿಕೊಂಡಿದ್ದೆ. ಹೊರಡುವ ಮೊದಲು, ಎರಡಕ್ಕೆ ಐದು ನಿಮಿಷ ಇರುವಾಗ, ನನ್ನ ಬ್ರಾಂಚಿನಲ್ಲಿದ್ದ ಒಂದು ಪದದ ತಪ್ಪು ತಿದ್ದಿದೆ. ಸರ್ವರು ತೆಗೆದುಕೊಳ್ಳಲಿಲ್ಲ. ಪುಶ್, ಫೋರ್ಸ್, ಎಂಟರ್. ಪರದೆಯ ಮೇಲೆ ಒಂದು ಸಾಲು ಬರಬೇಕಿತ್ತು. ಏಳೆಂಟು ಸಾಲು ಬಂದು ಸರ್ರನೆ ಮೇಲೆ ಹೋದವು. ನೋಡಿದೆ. ಓದಲಿಲ್ಲ. ಬ್ಯಾಗಿಗೆ ಡಬ್ಬಿ ತುಂಬಿಕೊಳ್ಳುತ್ತಿದ್ದೆ.

ಚಪ್ಪಲಿ ಹಾಕಿಕೊಳ್ಳುವಾಗ ಅಕ್ಕ ಹಿಂದಿನಿಂದ ನನ್ನ ಹೆಸರು ಹಿಡಿದು ಕರೆದರು. ಗಂಟೆ ಎರಡು ದಾಟಿ ಹತ್ತು ನಿಮಿಷ ಆಗಿತ್ತು. ಅವರ ಧ್ವನಿ ಎಂದಿನಂತೆಯೇ ಇತ್ತು.

"ನೀನು ಈಗ ಏನ್ ಟೈಪ್ ಮಾಡ್ದೆ? ಒಂದಕ್ಷರ ಬಿಡ್ದೆ ಹೇಳು."

ಹೇಳಿದೆ. ಅದರಲ್ಲಿ ಬ್ರಾಂಚಿನ ಹೆಸರು ಇರಲಿಲ್ಲ.

"ಮಾಕಳಿದುರ್ಗದ ಕಡೆ ಇರೋ ಬಟ್ಟೆ ತೊಳೆಯೋ ಯೂನಿಟ್. ಅದರ ನಕಲು ನಿನ್ ಹತ್ರ ಯಾವಾಗಿನದು?"

ತಿಂಗಳ ಹಿಂದಿನದು. ಆದರೆ ಆ ಕಾರ್ಖಾನೆಯಲ್ಲಿ ಹಿಂದಿನ ವಾರವಷ್ಟೇ ಬಾಯ್ಲರಿನ ನೀರಿನ ಮಟ್ಟ ಅಳೆಯುವ ಸೆನ್ಸರ್ ಬದಲಾಯಿಸಿದ್ದರು. ಹೊಸದು ಅಷ್ಟೇ ನೀರಿಗೆ ಹೆಚ್ಚಿನ ಅಂಕಿ ಕೊಡುತ್ತಿತ್ತು. ಅದಕ್ಕೆ ತಕ್ಕಂತೆ ಪ್ರೋಗ್ರಾಂ ತಿದ್ದಿ, ಅಲ್ಲಿಗೇ ಹೋಗಿ ಪರೀಕ್ಷೆ ಮಾಡಿ ಬಂದವರು ಅಕ್ಕನೇ. ಈಗ ಅದರ ಮೇಲೆ ನನ್ನ ಹಳೆಯ ನಕಲು ಕೂತಿತ್ತು. ಹಳೆಯ ಪ್ರೋಗ್ರಾಂ ಹೊಸ ಅಂಕಿಯನ್ನು ನೋಡಿ, ನೀರು ತಳ ಕಂಡಿದ್ದರೂ ಮುಕ್ಕಾಲು ಇದೆ ಎಂದುಕೊಳ್ಳುತ್ತದೆ. ಪಂಪು ಹಾಕುವುದಿಲ್ಲ, ಬೆಂಕಿಯನ್ನೂ ಆರಿಸುವುದಿಲ್ಲ. ಕಾರ್ಖಾನೆಯ ಪೆಟ್ಟಿಗೆಗಳು ಪಾಳಿ ಬದಲಾಗುವ ಹೊತ್ತಿಗೆ ಆಫೀಸಿನ ಸರ್ವರಿನಲ್ಲಿ ನೋಡಿ, ಹೊಸದಾಗಿ ಬಂದದ್ದನ್ನು ತಾವಾಗಿಯೇ ತೆಗೆದುಕೊಳ್ಳುತ್ತಿದ್ದವು. ಪಾಳಿ ಬದಲಾಗುವುದು ಎರಡು ಗಂಟೆಗೆ.

ಅಕ್ಕ ಮೂರು ಸಲ ಕಾರ್ಖಾನೆಗೆ ಫೋನ್ ಮಾಡಿದರು. ತೊಳೆಯುವ ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲವೋ ಏನೋ, ಯಾರೂ ಎತ್ತಲಿಲ್ಲ. ಪಕ್ಕದ ಮೇಜಿನವನಿಗೆ ಸರ್ವರು ಸರಿಪಡಿಸುತ್ತಾ, ಆ ನಂಬರಿಗೆ ಫೋನ್ ಮಾಡುತ್ತಲೇ ಇರಲು ಹೇಳಿ, ಅವನ ಸ್ಕೂಟರಿನ ಕೀ ತೆಗೆದುಕೊಂಡು ನನ್ನ ಕೈಗಿಟ್ಟರು. "ನಡಿ. ಓಡ್ಸು."

ದಾರಿಯಲ್ಲಿ ರೈಲ್ವೆ ಗೇಟು ಮುಚ್ಚಿತ್ತು. ಗೂಡ್ಸ್ ರೈಲು. ಒಂದರ ಹಿಂದೆ ಒಂದು ಡಬ್ಬಿ, ಮುಗಿಯುವುದೇ ಇಲ್ಲ ಅನ್ನಿಸಿತು. ಆಚೆ ಬೆಟ್ಟದ ಮೇಲೆ ಕೋಟೆಯ ಗೋಡೆ ಬಿಸಿಲಿನಲ್ಲಿ ಬೆಳ್ಳಗೆ ಕಾಣುತ್ತಿತ್ತು. ನಾನು ಅಳುತ್ತಿದ್ದೆ. ಅಕ್ಕ ಹಿಂದಿನಿಂದ ನನ್ನ ಭುಜ ಹಿಡಿದುಕೊಂಡಿದ್ದರು.

"ಎಷ್ಟ್ ಹೊತ್ತಲ್ಲಿ ನೀರು ಖಾಲಿ ಆಗುತ್ತೆ ಅಕ್ಕ?"

"ಮುಕ್ಕಾಲು ಗಂಟೆ."

ನಾನು ಗಡಿಯಾರ ನೋಡಿಕೊಂಡೆ. ಎರಡೂವರೆ ದಾಟಿತ್ತು.

"ಖಾಲಿ ಆದ್ರೆ ಒಡೆದು ಹೋಗುತ್ತಾ?"

"ಖಾಲಿ ಆದ್ರೆ ಕೊಳವೆ ಕೆಂಪಗೆ ಕಾಯುತ್ತೆ. ಕಾದಿರೋದಕ್ಕೆ ಯಾರಾದ್ರೂ ತಣ್ಣೀರು ಬಿಟ್ರೆ ಆಗ ಒಡೆಯುತ್ತೆ." ಗೇಟಿನ ಕಡೆ ನೋಡುತ್ತಾ, "ನೀರಿಲ್ಲ ಅಂತ ಗೊತ್ತಾದ ತಕ್ಷಣ ಯಾರಿಗಾದ್ರೂ ಮೊದಲು ತೋಚೋದು ನೀರು ಬಿಡೋದೇ" ಎಂದರು.

ನಾವು ಕಾರ್ಖಾನೆಯ ಹಿಂಬದಿಗೆ ಹೋಗುವಷ್ಟರಲ್ಲಿ ಮೂರಕ್ಕೆ ಹತ್ತು ನಿಮಿಷ ಇತ್ತು. ಬಾಯ್ಲರ್ ಮನೆಯ ಬಾಗಿಲಲ್ಲೇ ಒಲೆಯ ಮೇಲೆ ಬರಿ ಬಾಣಲೆ ಮರೆತಾಗ ಬರುವಂಥ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಬಾಯ್ಲರ್ ನೋಡಿಕೊಳ್ಳುವಾತ ಒಬ್ಬರೇ ಇದ್ದರು. ಅರವತ್ತರ ಹತ್ತಿರದವರು, ತಲೆಗೆ ಟವೆಲ್ಲು ಸುತ್ತಿದ್ದರು. ಅವರ ಎರಡೂ ಕೈ ನೀರಿನ ಕೊಳವೆಯ ಚಕ್ರದ ಮೇಲಿದ್ದವು.

"ಕೈ ತೆಗೀರಿ!" ಅಕ್ಕ ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆತ ಬೆಚ್ಚಿ ತಿರುಗಿದರು. "ಯಾಕಮ್ಮ? ಸದ್ದು ಬ್ಯಾರೆ ಆಗೈತೆ. ಡಬ್ಬದಾಗೆ ಮುಕ್ಕಾಲು ಅಂತ ತೋರುಸ್ತೈತೆ, ನೀರಿನ ಮಟ್ಟ ನೋಡೋ ಗಾಜ್ನಾಗೆ ನೀರೇ ಕಾಣಾಕಿಲ್ಲ. ಅದ್ಕೇ ಒಂದೀಟು ನೀರು ಬುಡಾನ ಅಂತ..."

"ಬಿಡ್ಬೇಡಿ ಅಣ್ಣಾ. ನಿಮ್ಮ ದಮ್ಮಯ್ಯ, ಕೈ ತೆಗೀರಿ."

ಆತ ಕೈ ತೆಗೆದರು. ಅಕ್ಕ ಗೋಡೆಯ ಮೇಲಿನ ಕೆಂಪು ಗುಂಡಿ ಒತ್ತಿ ಬೆಂಕಿ ಆರಿಸಿದರು. ಎಣ್ಣೆ ಬರುವ ಕೊಳವೆಯನ್ನೂ ಕೈಯಿಂದಲೇ ಮುಚ್ಚಿದರು. ಆಮೇಲೆ ನಮ್ಮಿಬ್ಬರನ್ನೂ ಆಚೆ ದಬ್ಬಿದರು. ಗೋಡೆಯಾಚೆಯ ವಿಭಾಗದಲ್ಲಿ ಪ್ಯಾಂಟುಗಳನ್ನು ತೊಳೆದು ಹಿಂಡುವ ಹೆಂಗಸರಿದ್ದರು. ಅವರನ್ನೆಲ್ಲ ಹೊಂಗೆ ಮರದ ಹತ್ತಿರ ಕಳಿಸಿ ಎಂದು ಮೇಲ್ವಿಚಾರಕನಿಗೆ ಹೇಳಿದರು. ಅವನು ಏನೋ ಕೇಳಲು ಬಂದವನು ಅವರ ಮುಖ ನೋಡಿ ಒಳಗೆ ಓಡಿದ.

ಹೆಂಗಸರು ನಗುತ್ತಾ ಬಂದರು. ಅವರಿಗೆ ಕರೆಂಟು ಹೋದ ಹಾಗೆ, ಅನಿರೀಕ್ಷಿತವಾಗಿ ಸಿಕ್ಕ ಬಿಡುವು. ಕೆಲವರು ಸೆರಗಿನಲ್ಲಿ ಮುಖ ಒರೆಸಿಕೊಂಡು ನೆರಳಲ್ಲಿ ಕೂತರು. ಇಬ್ಬರು ಬೆಟ್ಟ ಹಿಂದೆ ಬರುವ ಹಾಗೆ ನಿಂತು ಫೋಟೋ ತೆಗೆದುಕೊಂಡರು. ಅಕ್ಕ ಅವರ ನಡುವೆ ನಿಂತು ಒಬ್ಬೊಬ್ಬರನ್ನೇ ಬೆರಳು ಮಾಡಿ ಎಣಿಸುತ್ತಿದ್ದರು. ನಲವತ್ತಮೂರು. ಮೇಲ್ವಿಚಾರಕನನ್ನು ಒಳಗೆ ಎಷ್ಟು ಜನ ಇದ್ದರು ಎಂದು ಕೇಳಿದರು. ಅವನು ನಲವತ್ತಮೂರು ಎಂದ. ಆದರೂ ಅವರು ಇನ್ನೊಮ್ಮೆ ಮೊದಲಿನಿಂದ ಎಣಿಸಿದರು.

ಎರಡು ಗಂಟೆ ಅಲ್ಲಿಯೇ ಇದ್ದೆವು. ಏನೂ ಆಗಲಿಲ್ಲ. ಕಬ್ಬಿಣ ತಣ್ಣಗಾಗುವಾಗ ಒಳಗಿನಿಂದ ಆಗಾಗ ಟಣ್ ಎಂದು ಸದ್ದು ಬರುತ್ತಿತ್ತು, ಅಷ್ಟೆ. ಪ್ರತಿ ಸದ್ದಿಗೂ ಬಾಯ್ಲರ್ ನೋಡಿಕೊಳ್ಳುವಾತ ನನ್ನನ್ನು ನೋಡುತ್ತಿದ್ದರು. "ಚಕ್ರ ಅರ್ಧ ಸುತ್ತು ತಿರುಗ್ಸಿದ್ದೆ ಕಣವ್ವಾ" ಎಂದರು ಒಮ್ಮೆ. "ಬಿಗಿಯಾಗಿತ್ತು. ಎಣ್ಣೆ ಬುಡ್ಬೇಕು ಅಂತ ಅಂದ್ಕೊಂಡೇ ಇದ್ದೆ, ಬುಟ್ಟಿರ್ನಿಲ್ಲ." ಇನ್ನರ್ಧ ಸುತ್ತಿಗೆ ನೀರು ಬರುತ್ತಿತ್ತಂತೆ.

ಮರುದಿನ ಬಾಯ್ಲರ್ ಬಿಚ್ಚಿದರು. ಒಳಗಿನ ಕೊಳವೆಗಳು ಬಗ್ಗಿ ಒಂದರ ಮೇಲೊಂದು ಒರಗಿದ್ದವು. ಬಿಚ್ಚಿದ ಮೆಕ್ಯಾನಿಕ್ ಅದನ್ನು ಟಾರ್ಚ್ ಬಿಟ್ಟು ನೋಡಿ, ಟಾರ್ಚ್ ಆರಿಸಿ, ಬೀಡಿ ಹಚ್ಚಿಕೊಳ್ಳಲು ಹೊರಗೆ ಹೋದ.

ಕಾರ್ಖಾನೆಯವರಿಗೆ ನಾವು ವರದಿ ಕೊಡಬೇಕಿತ್ತು. ಯಜಮಾನರು ತಾವೇ ಬರೆದರು. ಉದ್ಯೋಗಿಯ ಅಜಾಗರೂಕತೆ ಎಂದು ಬರೆದು ಅದರ ಮುಂದೆ ನನ್ನ ಹೆಸರು ಹಾಕಿದ್ದರು. ನನ್ನ ಎದುರಿಗೇ ಅದನ್ನು ಅಕ್ಕನ ಕಡೆ ಸರಿಸಿ, ಹಿರಿಯರಾಗಿ ನೀವೂ ಸಹಿ ಹಾಕಿ ಮೇಡಂ ಎಂದರು. ಅಕ್ಕ ಪೂರ್ತಿ ಓದಿದರು.

"ಇದು ತಪ್ಪು ಸಾರ್."

"ತಪ್ಪೇನಿದೆ? ಕಮಾಂಡ್ ಕೊಟ್ಟಿದ್ದು ಈ ಹುಡುಗಿ ಅಲ್ವಾ?"

"ಈ ಹುಡುಗಿ ಯಾವ ಬ್ರಾಂಚಿನ ಹೆಸರನ್ನೂ ಹೇಳ್ಲಿಲ್ಲ ಸಾರ್. ಹೇಳದೆ ಇದ್ರೆ ಎಲ್ಲಾ ಕಳ್ಸು ಅಂತ ಹೇಳಿಟ್ಟಿದ್ದು ನಾವು. ನೀವು ಬರೆದಿಟ್ರಿ. ನಾನು ಗೊತ್ತಿದ್ದೂ ಒಂದು ಸಲ ಕೇಳಿ ಸುಮ್ನಾದೆ."

ಯಜಮಾನರ ಮುಖ ಕೆಂಪಾಯಿತು. ಅಕ್ಕ ಆ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ತಮ್ಮ ಕೈಬರಹದಲ್ಲಿ ಹೊಸ ವರದಿ ಬರೆದರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ನಾವು ಎಂಬ ಪದ ಮಾತ್ರ ಇತ್ತು. ಕೆಳಗೆ ಅವರದೊಂದು ಸಹಿ. ಯಜಮಾನರು ಅದನ್ನು ಎರಡು ಸಲ ಓದಿದರು. ಕೊನೆಗೆ ಅದನ್ನೇ ಟೈಪ್ ಮಾಡಿಸಿ ಕಳಿಸಿದರು. ನನ್ನ ಕೆಲಸ ಉಳಿಯಿತು.

ನಮ್ಮೆಲ್ಲರ ಕಂಪ್ಯೂಟರಿನಲ್ಲೂ ಆ ಸಾಲು ಅಳಿಸಿದರು. ಯಜಮಾನರ ಕೋಣೆಯ ಕಂಪ್ಯೂಟರಿನಲ್ಲಿ ಮಾತ್ರ ಉಳಿಯಿತು. "ಅದನ್ನ ನಾನೊಬ್ಬನೇ ಮುಟ್ಟೋದು. ನನಗೆ ಗೊತ್ತಿದೆ ನಾನೇನ್ ಮಾಡ್ತೀನಿ ಅಂತ" ಎಂದರು. ಎಲ್ಲ ಕಾರ್ಖಾನೆಗಳ ಬ್ರಾಂಚೂ ಒಟ್ಟಿಗೆ ಹೋಗುತ್ತಿದ್ದುದೇ ಅಲ್ಲಿಂದ, ಫೋರ್ಸ್ ಪದದ ಸಮೇತ. ಅಕ್ಕ ಮೂರು ಸಲ ಹೇಳಿದರು. ಮೂರನೇ ಸಲ ಹೇಳಿ ಬಂದವರು ರಾಜೀನಾಮೆ ಬರೆದರು. ಡ್ರಾಯರಿನಿಂದ ರೂಲ್ಡ್ ಪುಸ್ತಕ, ಡಬ್ಬಿಯ ಚೀಲ ತೆಗೆದುಕೊಂಡು ಹೊರಟಾಗ ನಾನು ಬಸ್ ನಿಲ್ದಾಣದವರೆಗೆ ಹೋದೆ.

"ನೀವಿಲ್ದೆ ಹೆಂಗಕ್ಕ?"

"ಹಂಗೇ. ಒಂದು ಕೆಲಸ ಮಾಡು. ಆ ಕೋಣೆ ಮಿಷನ್ನಲ್ಲಿ ಇರೋ ಸಾಲು ತೆಗೆಸು. ನನ್ ಮಾತು ಅವ್ರಿಗೆ ಈಗ ಮುಳ್ಳಾಗಿದೆ. ನೀನು ಹೇಳಿದ್ರೆ ಕೇಳ್ತಾರೆ."

"ತೆಗೆಸ್ತೀನಿ ಅಕ್ಕ."

ತೆಗೆಸಲಿಲ್ಲ. ಹೇಳಬೇಕೆಂದು ಎರಡು ಸಲ ಯಜಮಾನರ ಕೋಣೆಯ ಬಾಗಿಲವರೆಗೆ ಹೋದದ್ದುಂಟು. ನನ್ನ ಕೆಲಸ ಉಳಿದದ್ದೇ ದೊಡ್ಡದು, ಅವರ ಕಣ್ಣಿಗೆ ಮತ್ತೆ ಯಾಕೆ ಬೀಳಲಿ ಎನ್ನಿಸುತ್ತಿತ್ತು. ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ಗಾಜಿನಾಚೆ ಅವರು ಕನ್ನಡಕ ಏರಿಸಿಕೊಂಡು ಕೂತು ಎಂಟರ್ ಒತ್ತುವುದು ಕಾಣುತ್ತಿತ್ತು. ಆಮೇಲೆ ಐದಾರು ನಿಮಿಷ ನಾನು ಏನೂ ಟೈಪ್ ಮಾಡದೆ ಕೂತಿರುತ್ತಿದ್ದೆ. ರಾತ್ರಿ ಪಾಳಿ ಬದಲಾದ ಮೇಲೂ ಫೋನು ಬರದಿದ್ದರೆ ಆ ವಾರ ಕಳೆಯಿತು ಎಂದು ಲೆಕ್ಕ. ಆಫೀಸಿನಲ್ಲಿ ಬೇರೆಯವರೂ ಹಾಗೆಯೇ ಕೂತಿರುತ್ತಿದ್ದರು ಎಂಬುದು ನನಗೆ ಗೊತ್ತಿತ್ತು.

ಎಂಟು ತಿಂಗಳ ಮೇಲೆ ಅಕ್ಕನ ತಂಗಿ ಫೋನ್ ಮಾಡಿದರು. ಅಕ್ಕನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ಭಾನುವಾರ ಹೋದೆ. ಅರಿಶಿನಕುಂಟೆಯ ಅವರ ಮನೆ ಹೆದ್ದಾರಿಗೆ ಹತ್ತಿರ. ಲಾರಿ ಹೋದಾಗಲೆಲ್ಲ ಕಿಟಕಿಯ ಸರಳು ಗುಂಯ್ ಎನ್ನುತ್ತಿತ್ತು. ಮಂಚದ ಮೇಲೆ ಅವರು ಅರ್ಧಕ್ಕೆ ಅರ್ಧ ಇಳಿದುಹೋಗಿದ್ದರು. ಮಾತು ತೊದಲುತ್ತಿತ್ತು. ತಂಗಿ, "ಯಾರ್ ಬಂದಿದಾರೆ ನೋಡು" ಎಂದಾಗ ಕಣ್ಣು ತೆರೆದು ನನ್ನ ಗುರುತು ಹಿಡಿದರು. ತಂಗಿ ಕಾಫಿ ತರಲು ಒಳಗೆ ಹೋದರು.

ಅಕ್ಕ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಹಳ ಕಷ್ಟಪಟ್ಟು, ಒಂದೊಂದು ಪದಕ್ಕೂ ನಿಂತು, "ಸಾಲು... ತೆಗೆದ್ರಾ?" ಎಂದರು.

"ತೆಗೆದ್ರು ಅಕ್ಕ" ಎಂದೆ. "ಎಲ್ಲಾ ಮಿಷನ್ನಲ್ಲೂ ತೆಗೆದ್ರು."

ಅವರು ನನ್ನನ್ನೇ ನೋಡುತ್ತಿದ್ದರು. ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೈ ಮಾತ್ರ ಸಡಿಲವಾಯಿತು. ತಂಗಿ ಕಾಫಿ ತಂದರು, ಕುಡಿದು ಎದ್ದೆ.

ಸೋಮವಾರ ಆಫೀಸಿಗೆ ಹೋದವಳೇ ಬ್ಯಾಗು ಕೂಡ ಇಡದೆ ಯಜಮಾನರ ಕೋಣೆಗೆ ಹೋದೆ. ಅವರು ಆಗಷ್ಟೇ ಬಂದು ಕಂಪ್ಯೂಟರ್ ಹಾಕಿದ್ದರು.

"ಸಾರ್, ಈ ಮಿಷನ್ನಲ್ಲಿರೋ ಸಾಲು ತೆಗೀಬೇಕು."

"ಯಾವ್ ಸಾಲು? ಓ, ಅದಾ. ಇರಮ್ಮ, ಮುಂದಿನ ತಿಂಗಳು ನೋಡೋಣ."

"ಇವತ್ತೇ ಸಾರ್. ತೆಗೆದಿದೀವಿ ಅಂತ ನಿನ್ನೆ ಅಕ್ಕಂಗೆ ಹೇಳ್ಬಿಟ್ಟು ಬಂದಿದೀನಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೆಂಗಿದಾರೆ?" ಎಂದು ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಅವರು ಕುರ್ಚಿಯಿಂದ ಎದ್ದು ಪಕ್ಕಕ್ಕೆ ನಿಂತು, "ಕೂತ್ಕೊ" ಎಂದರು.

ಸಾಲು ಅಳಿಸಿದೆ. ಅವರ ಸ್ಕ್ರಿಪ್ಟು ಮೂರು ಕಡೆ ಮುರಿಯಿತು. ಮೂರೂ ಕಡೆ ಪರದೆಯ ಮೇಲೆ ಕೆಂಪಕ್ಷರದಲ್ಲಿ, ಯಾವ ಬ್ರಾಂಚು ಕಳಿಸಬೇಕು ಹೇಳಿ ಎಂದು ನಿಂತುಕೊಂಡಿತು. ಒಂದೊಂದಾಗಿ ಹೆಸರು ಸೇರಿಸಿ ಸರಿಪಡಿಸುವ ಹೊತ್ತಿಗೆ ಹನ್ನೊಂದೂವರೆ ಆಗಿತ್ತು. ಯಜಮಾನರು ಅಷ್ಟು ಹೊತ್ತೂ ನನ್ನ ಹಿಂದೆಯೇ ನಿಂತಿದ್ದರು.

ಹೊರಗೆ ಬಂದು ಬ್ಯಾಗಿನಿಂದ ಫೋನ್ ತೆಗೆದೆ. ಅಕ್ಕನ ತಂಗಿಯಿಂದ ನಾಲ್ಕು ಕರೆ ಬಂದಿದ್ದವು. ಅಕ್ಕ ಬೆಳಿಗ್ಗೆ ಎಂಟು ಗಂಟೆಗೇ ಹೋಗಿಬಿಟ್ಟಿದ್ದರಂತೆ. ನಾನಾಗ ಸಾಸಲಿನ ಬಸ್ಸಿನಲ್ಲಿ, ಯಜಮಾನರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ.

ನಾನು ಹೇಳಿದ ಮಾತು ನಿಜವಾಗುವ ಹೊತ್ತಿಗೆ ಅದನ್ನು ಕೇಳಿಸಿಕೊಂಡವರು ಇರಲಿಲ್ಲ. ಆ ಸಾಲು ಅಳಿಸಲು ಎರಡು ನಿಮಿಷವೂ ಬೇಕಾಗಿರಲಿಲ್ಲ. ನನಗೆ ಎಂಟು ತಿಂಗಳು ಸಿಕ್ಕಿತ್ತು.